ಸೊನ್ನೆ ಒಳಗಿದೆಯೇ?

ಏಪ್ರಿಲ್ ಕೊನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಚಿತ್ರದುರ್ಗದ ಕೋಟೆಬಂಡೆಗಳು ಬೆಳಗಿನಿಂದ ಕುಡಿದ ಬಿಸಿಲನ್ನು ಈಗ ಊರಿನ ಮೇಲೆ ಕಾರುತ್ತಿವೆ. ತಪ್ಪಲಿನ ಓಣಿಯೊಂದರ ಬಾಡಿಗೆ ಕೋಣೆಯ ಮುಂದೆ ನೀವು ಚಪ್ಪಲಿ ಬಿಟ್ಟು ಒಳಗೆ ಬರುತ್ತೀರಿ. ಚಾಪೆ, ನೀರಿನ ಕೊಡ, ಬಿಚ್ಚಿಟ್ಟ ಮಂಡಕ್ಕಿ ಪೊಟ್ಟಣ, ಗೋಡೆಗೊರಗಿಸಿದ ಕರಿಹಲಗೆ. ಸೀಮೆಸುಣ್ಣ ಹಿಡಿದವನು ಹೊಳಲ್ಕೆರೆಯವನು. ಯುಪಿಎಸ್‌ಸಿ ಪ್ರಿಲಿಮ್ಸ್ ಎರಡು ಸಲ ಬರೆದಿದ್ದಾನೆ, ಎರಡು ಸಲವೂ ಅದರ ಸಿಸ್ಯಾಟ್ ಪತ್ರಿಕೆ ಕೈಕೊಟ್ಟಿದೆ. ಹೊಸದುರ್ಗದ ಹುಡುಗಿಗೂ ಹಿರಿಯೂರಿನ ಹುಡುಗನಿಗೂ ಅವನು ಅಣ್ಣ.

ಹಲಗೆಯ ಮೇಲೆ ಹೀಗಿದೆ: ಒಂದು ಗಣದಲ್ಲಿ ಐದು ಪೂರ್ಣಾಂಕಗಳಿವೆ. ಅದರಲ್ಲಿ ಸೊನ್ನೆ ಇದೆಯೇ? ಹೇಳಿಕೆ ಒಂದು: ಐದನ್ನೂ ಕೂಡಿದರೆ ಸೊನ್ನೆ. ಹೇಳಿಕೆ ಎರಡು: ಗಣದಲ್ಲಿರುವ ಪ್ರತಿ ಸಂಖ್ಯೆಯ ಋಣರೂಪವೂ ಅದೇ ಗಣದಲ್ಲಿದೆ.

ಉತ್ತರ ಕಂಡುಹಿಡಿಯುವುದು ಇಲ್ಲಿ ಕೆಲಸವಲ್ಲ. ಉತ್ತರಕ್ಕೆ ಯಾವ ಹೇಳಿಕೆ ಸಾಕು ಎಂದು ಹೇಳಬೇಕು, ಅಷ್ಟೆ. ಡೇಟಾ ಸಫಿಶಿಯೆನ್ಸಿ ಅಂದರೆ ಇದೇ.

ಹುಡುಗಿ ತಲೆ ಕೆರೆದುಕೊಳ್ಳುತ್ತಾಳೆ. "ಅಣ್ಣ, ಐದು ಬೇರೆಬೇರೆ ಸಂಖ್ಯೆ ಕೂಡಿದ್ರೆ ಸೊನ್ನೆ ಹೆಂಗ್ ಬರುತ್ತೆ?"

ಅವಳ ತಪ್ಪು ನಿಮಗೂ ಪರಿಚಿತ. ಕನ್ನಡ ಮಾಧ್ಯಮದಲ್ಲಿ ಪೂರ್ಣ ಸಂಖ್ಯೆ ಬೇರೆ, ಪೂರ್ಣಾಂಕ ಬೇರೆ. ಮೊದಲನೆಯದು ಸೊನ್ನೆಯಿಂದ ಮೇಲಕ್ಕೆ ಹೋಗುತ್ತದೆ, ಎರಡನೆಯದು ಕೆಳಕ್ಕೂ ಇಳಿಯುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಕನ್ನಡವೇ ಇಲ್ಲ, ಇರುವುದು ಇಂಗ್ಲಿಷ್ ಮತ್ತು ಹಿಂದಿ. ಇಂಟಿಜರ್ ಎಂದು ಓದಿದ ಕಣ್ಣು ಮನಸ್ಸಿನಲ್ಲಿ ಯಾವ ಪದಕ್ಕೆ ಹೋಗಿ ಬೀಳುತ್ತದೋ! ಹತ್ತನೇ ತರಗತಿ ಮಟ್ಟದ ಗಣಿತ ಎನ್ನುತ್ತದೆ ಪಠ್ಯಕ್ರಮ. ಈ ಎಡವಟ್ಟಿಗೆ ಅದರಲ್ಲಿ ಲೆಕ್ಕವಿಲ್ಲ.

"ಮೈನಸ್ ಮರೆತೆ ಕಣಮ್ಮ" ಎನ್ನುತ್ತಾನೆ ಅಣ್ಣ. 1, 2, 3, 4, −10 ಎಂದು ಬರೆಯುತ್ತಾನೆ; ಮೊತ್ತ ಸೊನ್ನೆ, ಗಣದಲ್ಲಿ ಸೊನ್ನೆಯಿಲ್ಲ. ಕೆಳಗೆ −2, −1, 0, 1, 2. ಮೊತ್ತ ಮತ್ತೆ ಸೊನ್ನೆ, ಈ ಸಲ ಸೊನ್ನೆ ಕೂತಿದೆ. ಒಮ್ಮೆ ಹೌದು, ಒಮ್ಮೆ ಇಲ್ಲ: ಮೊದಲ ಹೇಳಿಕೆ ಸಾಲದು.

ಹಿರಿಯೂರಿನವನು ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ಹೇಳುತ್ತಾನೆ: "ಮಾರಿಕಣಿವೆ ತುಂಬೈತಾ ಅಂದ್ರೆ, ಮಳೆ ಚೆನ್ನಾಗಾಯ್ತು ಅನ್ನೋದು ಸಾಲಲ್ಲ. ಕೋಡಿ ಬಿತ್ತು ಅಂದ್ರೆ ಸಾಕು." ಅವನ ಊರಿನ ಮಾತು ಸುಳ್ಳಲ್ಲ. ಮಾರಿಕಣಿವೆಯ ಜಲಾಶಯ ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಒಳ್ಳೆಯ ಮಳೆ ಬರಲಿಲ್ಲವೇ?

ಅಣ್ಣ ಮೊದಲ ಹೇಳಿಕೆಯನ್ನು ಅಂಗೈಯಿಂದ ಒರೆಸಿಬಿಡುತ್ತಾನೆ. ಒರೆಸದಿದ್ದರೆ ಅದು ಎರಡನೆಯದರೊಳಗೆ ನುಸುಳುತ್ತದೆ. ಬಹಳ ಜನ ಬೀಳುವ ಹಳ್ಳ ಇದು.

ಈಗ ಕೋಣೆಯಲ್ಲಿ ಮಾತಿಲ್ಲ. ಹುಡುಗಿ ನೋಟ್‌ಬುಕ್ಕಿನ ಅಂಚಿನಲ್ಲಿ ಜೋಡಿ ಹಾಕುತ್ತಿದ್ದಾಳೆ: 3ಕ್ಕೆ −3, 7ಕ್ಕೆ −7. ನಾಲ್ಕು ಮುಗಿದವು. ಐದನೆಯದಕ್ಕೆ ಜೊತೆಯಿಲ್ಲ. ತನಗೆ ತಾನೇ ಜೊತೆಯಾಗುವ ಸಂಖ್ಯೆ ಒಂದೇ. "ಸೊನ್ನೆ ಇರಲೇಬೇಕು! ಎರಡನೇದು ಒಂದೇ ಸಾಕು!"

ಅಣ್ಣ ನಗುವುದಿಲ್ಲ. ‘ಐದು’ ಅಳಿಸಿ ‘ಆರು’ ಬರೆಯುತ್ತಾನೆ.

"ಹಂಗಾದ್ರೆ ಸಾಲಲ್ಲ" ಎನ್ನುತ್ತಾನೆ ಹುಡುಗ ತಟ್ಟನೆ. ನೀವೂ ತಲೆಯಾಡಿಸುತ್ತೀರಿ. ಅವಳು ಮಾತ್ರ ಮತ್ತೆ ಜೋಡಿ ಹಾಕುತ್ತಾಳೆ. ಸೊನ್ನೆ ಒಳಗೆ ಬಂದರೆ ಉಳಿಯುವುದು ಐದು, ಐದು ಜೋಡಿಯಾಗುವುದಿಲ್ಲ. "ಸೊನ್ನೆ ಇರೋ ಹಾಗೇ ಇಲ್ಲ ಅಣ್ಣ. ಇಲ್ಲ ಅಂತ ಖಾತ್ರಿಯಾದ್ರೆ ಅದೂ ಉತ್ತರಾನೇ ಅಲ್ವಾ?"

"ಉತ್ತರಾನೇ ಕಣಮ್ಮ. ಸಾಕು."

ಹುಡುಗ ಮೊಬೈಲಿನ ಗಡಿಯಾರ ನೋಡುತ್ತಾನೆ. ಹನ್ನೊಂದು ನಿಮಿಷ ಹಿಡಿದಿದೆ. ಪರೀಕ್ಷೆಯಲ್ಲಿ ಎರಡು ಗಂಟೆಗೆ 80 ಪ್ರಶ್ನೆ. ಒಂದಕ್ಕೆ ಸಿಗುವುದು ಒಂದೂವರೆ ನಿಮಿಷ.