ಸಂಬಳದ ಚೀಟಿ

ನಮ್ಮ ಮನೆ ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಹತ್ತಿರ. ಹಿಂದಿನ ಬೀದಿಯ ವಠಾರದಲ್ಲಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳಿಂದ ದುಡಿಯಲು ಬಂದ ಸಂಸಾರಗಳು ಬಹಳ. ನಾನೂ ಕೊಟ್ಟೂರಿನವನಾದ್ದರಿಂದ ಅವರನ್ನು ಕಂಡಾಗಲೆಲ್ಲ ಊರಿನ ಮಳೆಬೆಳೆ ವಿಚಾರಿಸುವುದುಂಟು. ಅಷ್ಟಕ್ಕೇ ನೆರೆಹೊರೆಯ ಧರ್ಮ ಮುಗಿಯಿತೆಂದು ನಂಬಿದ್ದೆ.

ಕಳೆದ ಮಳೆಗಾಲದ ಒಂದು ಸಂಜೆ ಔಷಧದ ಅಂಗಡಿಯಲ್ಲಿ ಹರಪನಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಜ್ವರದ ಗುಳಿಗೆ ಕೇಳುತ್ತ ನಿಂತಿದ್ದಳು. ಮುಖ ಪರಿಚಯದ್ದೇ. ನಾಲ್ಕು ದಿನಗಳ ಜ್ವರದಿಂದ ಕಣ್ಣು ಕೆಂಡವಾಗಿತ್ತು. ಡಾಕ್ಟರಿಗೆ ತೋರಿಸಬಾರದೇಕೆ ಎಂದೆ.

"ಆಸ್ಪತ್ರಿಗೆ ಹೋದ್ರ ಅವತ್ತಿನ ಪಗಾರ ಹೋಗ್ತೈತ್ರಿ ಅಣ್ಣಾರ. ಜಾಸ್ತಿ ಆದ್ರ ರಾತ್ರಿ ಬಸ್ಸಿಗೆ ಊರಿಗೆ ಹೋಗಿಬಿಡ್ತೀನಿ" ಎಂದಳು.

ವಠಾರದವರೆಲ್ಲರ ಕ್ರಮವೂ ಇದೇ ಎಂಬುದು ಆಮೇಲೆ ತಿಳಿಯಿತು. ಮೊದಲು ಅಂಗಡಿಯ ಗುಳಿಗೆ, ಬಳಿಕ ರಾತ್ರಿಯವರೆಗೆ ಬಾಗಿಲು ತೆರೆದಿರುವ ಖಾಸಗಿ ಡಾಕ್ಟರ ಸೂಜಿ, ಕೊನೆಗೆ ಊರಿನ ಬಸ್ಸು. ಸರಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹೊತ್ತಿಗೆ ಅವರು ಯಂತ್ರದ ಮುಂದೆ ಕುಳಿತಿರುತ್ತಾರೆ.

ಆಕೆ ಸಿದ್ಧ ಉಡುಪಿನ ಕಾರ್ಖಾನೆಯವಳು. ದುಡ್ಡಿಗಾಗಿ ಪರ್ಸು ತಡಕುವಾಗ ಸಂಬಳದ ಚೀಟಿ ಕೆಳಗೆ ಬಿತ್ತು. ಎತ್ತಿಕೊಡುತ್ತ ನೋಡಿದೆ: ಇ.ಎಸ್.ಐ. ಎಂದು ಹಣ ಮುರಿದುಕೊಂಡಿದ್ದರು. ಅದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ದಂಡ ಹಾಕ್ತಾರಂತ ತಿಳ್ಕೊಂಡಿದ್ದೆ" ಎಂದಳು.

ಓದುಗರಲ್ಲಿ ಅನೇಕರು ಬಲ್ಲರು, ಅದು ದಂಡವಲ್ಲ, ವಿಮೆ. 1948ರ ಕಾಯಿದೆಯಿಂದ ಹುಟ್ಟಿ, 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೂ ಬಂದ ಯೋಜನೆ. ನೂರು ರೂಪಾಯಿ ಸಂಬಳಕ್ಕೆ ಕಾರ್ಮಿಕರಿಂದ ಮುಕ್ಕಾಲು ರೂಪಾಯಿ, ಮಾಲೀಕರಿಂದ ಮೂರೂಕಾಲು. ವಂತಿಗೆಯ ಆರು ತಿಂಗಳಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆಯ ರಜೆಯಲ್ಲಿ ಮೊದಲೆರಡು ದಿನ ಬಿಟ್ಟು, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70 ಪಾಲು ದೊರೆಯುತ್ತದೆ. ಯಾವ ಪಗಾರ ಹೋಗುವುದೆಂದು ಆಕೆ ಅಂಜಿದ್ದಳೋ ಅದರ ಬಹುಪಾಲು ಕಾಯಿದೆಯಲ್ಲಿಯೇ ಕಾದಿತ್ತು!

ಮರುದಿನ ನನ್ನ ಮನೆಯಾಕೆ ಅವಳನ್ನು ಇ.ಎಸ್.ಐ. ಔಷಧಾಲಯಕ್ಕೆ ಕರೆದೊಯ್ದಳು. ರಕ್ತಪರೀಕ್ಷೆಯಲ್ಲಿ ಟೈಫಾಯ್ಡ್ ಎಂದಾಯಿತು. ಎರಡು ವಾರಗಳಲ್ಲಿ ಚೇತರಿಸಿಕೊಂಡಳು. ನಮ್ಮ ಮನೆಗೆ ಬಂದು ಕುಳಿತವಳು ಮೆಲ್ಲನೆ ಕೇಳಿದಳು:

"ಊರಾಗಿನ ಅವ್ವಗೂ ಇದು ನಡೀತೈತೇನ್ರಿ?"

"ನಿನ್ನ ದುಡಿಮೆಯನ್ನೇ ನಂಬಿದ ತಾಯಿಯಾದರೆ ಸಲ್ಲುತ್ತದಮ್ಮ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೋದ ವರ್ಷ ಅವ್ವನ ಆಪರೇಷನ್ನಿಗೆ ನಾಕು ಕುರಿ ಮಾರಿದ್ವಿ" ಎಂದಳು.

ನಾನು ಉತ್ತರಿಸಲಾರದೆ ಹೋದೆ. ಆ ವರ್ಷವೆಲ್ಲ ನಾನು ಅವಳನ್ನು ಕೇಳಿದ್ದು ಮಳೆಬೆಳೆಯನ್ನು ಮಾತ್ರ.