ಮಹಾಪ್ರಬಂಧವೂ ಪಾಠಯೋಜನೆಯೂ

ಹೆಸರಿನ ಮುಂದೆ ‘ಡಾ.’ ಎಂದು ಬರೆದುಕೊಳ್ಳುವುದು ಸುಲಭ. ಆ ಒಂದಕ್ಷರಕ್ಕಾಗಿ ಎಷ್ಟು ರಾತ್ರಿಗಳ ನಿದ್ದೆ ಕೆಟ್ಟಿತೆಂಬುದು ಬರೆದವರಿಗೂ ಅವರ ಮನೆಯವರಿಗೂ ಮಾತ್ರ ಗೊತ್ತು. ನಾನು ಮಹಾಪ್ರಬಂಧ ಬರೆದವನಲ್ಲ. ಬಿ.ಎಡ್. ಮುಗಿಸಿ, ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ, ಸಮಾಜ ವಿಜ್ಞಾನಗಳನ್ನು ಬೋಧಿಸಿದವನು. ಆದರೂ ಕಳೆದ ಎರಡು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಜೊತೆಗೆ ಕೊಂಚ ದೂರ ನಡೆದಿದ್ದೇನೆ. ಆ ದಾರಿಯಲ್ಲಿ ತೋಚಿದ್ದನ್ನು, ಈಗ ಎಂ.ಎ., ಪಿಎಚ್.ಡಿ. ಎಂದು ಓದುತ್ತಿರುವ ನಿಮ್ಮ ಉಪಯೋಗಕ್ಕಾಗಿ ಬರೆದಿಡುತ್ತಿದ್ದೇನೆ.

ಆಕೆ ನಮ್ಮ ಕೋಲಾರ ಸೀಮೆಯ ಹಳ್ಳಿಯ ಹುಡುಗಿ. ಅವಳ ತಾತ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುತ್ತಿದ್ದವರು. ಅವಳು ಆರಿಸಿಕೊಂಡ ವಿಷಯ ‘ಕರ್ನಾಟಕದ ಕೆರೆಗಳ ಸಾಂಸ್ಕೃತಿಕ ಇತಿಹಾಸ’. ಪಿಎಚ್.ಡಿ.ಗೆ ನಿಯಮದಂತೆ ಸಾಮಾನ್ಯವಾಗಿ ದೊರೆಯುವ ಗರಿಷ್ಠ ಅವಧಿ ಆರು ವರ್ಷ. ನಾಲ್ಕು ಮುಗಿದಿದ್ದವು, ಶಿಷ್ಯವೇತನ ನಿಂತಿತ್ತು, ಟಿಪ್ಪಣಿಯ ನೋಟುಪುಸ್ತಕಗಳು ಎರಡು ಚೀಲ ತುಂಬಿದ್ದವು. ಒಂದು ಅಧ್ಯಾಯವೂ ಬರೆದಾಗಿರಲಿಲ್ಲ. “ಬಿಟ್ಟುಬಿಡ್ತೀನಿ ಸರ್. ಅಪ್ಪನಿಗೆ ಹೇಗೆ ಹೇಳೋದು ಅನ್ನೋದೊಂದೇ ಈಗ ಚಿಂತೆ” ಎಂದಳು.

ನನಗೆ ತಿಳಿದದ್ದು ಪಾಠಯೋಜನೆ ಮಾತ್ರ. ಪೀರಿಯಡ್ ಇರುವುದು 40 ನಿಮಿಷ. ಆದ್ದರಿಂದ ಏನನ್ನು ಹೇಳಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ಉಪಾಧ್ಯಾಯನು ಮೊದಲು ನಿರ್ಧರಿಸಬೇಕು. ಪಾಠ ಮುಗಿದಾಗ ಮಗು ಯಾವ ಪ್ರಶ್ನೆಗೆ ಉತ್ತರ ಹೇಳಬಲ್ಲದು ಎಂಬುದನ್ನು ಉದ್ದೇಶದ ಅಂಕಣದಲ್ಲಿ ಬರೆಯದೆ ತರಗತಿಗೆ ಹೋಗುವಂತಿಲ್ಲ. “ನಿನ್ನ ಪ್ರಬಂಧ ಯಾವ ಪ್ರಶ್ನೆಗೆ ಉತ್ತರವಮ್ಮಾ? ಒಂದೇ ವಾಕ್ಯದಲ್ಲಿ ಹೇಳು” ಎಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಕೆರೆ ಕಟ್ಟಿಸಿದೋರ ಹೆಸರು ಶಾಸನದಲ್ಲಿರುತ್ತೆ ಸರ್. ಆಮೇಲೆ ಹೂಳು ತೆಗೆದೋರು ಯಾರು? ಅದರ ಖರ್ಚು ಯಾರು ಕೊಟ್ಟರು?”

ಅಲ್ಲಿಗೆ ವಿಷಯ ಸಿಕ್ಕಿತು. ಕೆರೆಯ ರಕ್ಷಣೆಗಾಗಿ ಬಿಟ್ಟ ‘ಬಿತ್ತುವಟ್ಟ’, ಕೆರೆ ಕಟ್ಟಿಸಿದವರಿಗೆ ಕೊಟ್ಟ ‘ಕಟ್ಟುಕೊಡಗೆ’ ಮೊದಲಾದ ದತ್ತಿಗಳು ನಮ್ಮ ಶಾಸನಗಳಲ್ಲಿ ಅಲ್ಲಲ್ಲಿ ಬರುತ್ತವೆ. ಆದರೆ ಕರ್ನಾಟಕವೆಲ್ಲವನ್ನೂ ಒಬ್ಬಳು ಸುತ್ತಿ ಮುಗಿಸಲಾಗದು. ಎಂ. ಚಿದಾನಂದಮೂರ್ತಿಯವರಂತಹ ವಿದ್ವಾಂಸರು ಕೂಡ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ಕ್ಕೆ ಕ್ರಿ.ಶ. 450ರಿಂದ 1150ರವರೆಗೆ ಎಂದು ಗಡಿ ಹಾಕಿಕೊಂಡಿದ್ದರು. 1966ರಲ್ಲಿ ಪುಸ್ತಕವಾಗಿ ಬಂದ ಆ ಮಹಾಪ್ರಬಂಧವನ್ನು ಇಂದಿಗೂ ಓದುತ್ತೇವೆ. ಇವಳು ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನೇ ಮುಖ್ಯ ಆಕರವಾಗಿಟ್ಟುಕೊಂಡಳು. ಮಾರ್ಗದರ್ಶಕರು ಸಂತೋಷದಿಂದ ಒಪ್ಪಿದರು. ಶೀರ್ಷಿಕೆಯ ಬದಲಾವಣೆಗೆ ವಿಶ್ವವಿದ್ಯಾನಿಲಯದ ಅನುಮತಿಯೂ ದೊರೆಯಿತು.

ಮುಂದಿನದು ಕ್ರಮದ ಕೆಲಸ. ಒಂದು ಚೀಟಿಯಲ್ಲಿ ಒಂದೇ ಶಾಸನ: ಊರು, ಕಾಲ, ದತ್ತಿ, ಕೊಟ್ಟವರು, ಪಡೆದವರು, ಸಂಪುಟದ ಪುಟಸಂಖ್ಯೆ. ಪುಟಸಂಖ್ಯೆಯನ್ನು ಆ ಕ್ಷಣವೇ ಬರೆಯದಿದ್ದರೆ, ಅಡಿಟಿಪ್ಪಣಿ ಬರೆಯುವ ದಿನ ಇಡೀ ಪುಸ್ತಕವನ್ನೇ ಮತ್ತೆ ಮಗುಚಬೇಕಾಗುತ್ತದೆ. ಚೀಟಿಗಳನ್ನು ಗುಂಪು ಮಾಡಿದಾಗ ಅಧ್ಯಾಯಗಳು ತಾವಾಗಿ ಮೂಡಿದವು. ಮೊದಲು ಬರೆದದ್ದು ಅವಳಿಗೆ ಚೆನ್ನಾಗಿ ತಿಳಿದಿದ್ದ ನಡುವಿನ ಅಧ್ಯಾಯ. ಪ್ರಸ್ತಾವನೆ ಕೊನೆಗೆ, ಮನೆ ಕಟ್ಟುವ ಮುನ್ನ ಗೃಹಪ್ರವೇಶದ ಆಮಂತ್ರಣ ಅಚ್ಚು ಹಾಕಿಸುವವರುಂಟೆ? ಕರಡು ತಿದ್ದುವುದಕ್ಕೆಂದೇ ಕೊನೆಯ ನಾಲ್ಕು ತಿಂಗಳನ್ನು ತೆಗೆದಿರಿಸಿದೆವು.

ಇನ್ನೊಂದು ಮಾತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮದಂತೆ, ಅನ್ಯರ ಬರಹದೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ. 40ರವರೆಗೆ ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು, ಶೇ. 60 ಮೀರಿದರೆ ನೋಂದಣಿಯೇ ರದ್ದು. ಈಗ ಕೇಳಿದೊಡನೆ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳೂ ಬಂದಿವೆ. ಆದರೆ ಮೌಖಿಕ ಪರೀಕ್ಷೆಯಲ್ಲಿ “ಈ ತೀರ್ಮಾನಕ್ಕೆ ಹೇಗೆ ಬಂದಿರಿ?” ಎಂದು ಕೇಳಿದಾಗ ಎದ್ದುನಿಂತು ಉತ್ತರಿಸಬೇಕಾದವರು ನಾವೇ ತಾನೆ?

ಕಳೆದ ವಾರ ಅವಳು ನಾಲ್ಕನೆಯ ಅಧ್ಯಾಯದ ಕರಡನ್ನು ಕಳಿಸಿದ್ದಾಳೆ. ಅವಧಿ ಮುಗಿಯಲು ಇನ್ನು ಕೆಲವೇ ತಿಂಗಳು. ಮುಗಿಸುತ್ತಾಳೆಂಬ ಭರವಸೆ ನನಗಿದೆ. ಹೂಳೆತ್ತಿದ ಕೂಲಿಯವರ ಹೆಸರು ಯಾವ ಕಲ್ಲಿನಲ್ಲೂ ಅವಳಿಗೆ ಸಿಕ್ಕಿಲ್ಲ. ಆ ಸಂಗತಿಯನ್ನೇ ಒಂದು ಉಪಶೀರ್ಷಿಕೆಯಾಗಿ ಬರೆದಿದ್ದಾಳೆ. ಅರ್ಪಣೆಯ ಪುಟದಲ್ಲಿ ತಾತನ ಹೆಸರು ಇರುವುದಂತೆ. ನಿಮ್ಮಲ್ಲಿ ಯಾರ ಟಿಪ್ಪಣಿಗಳಾದರೂ ಚೀಲದಲ್ಲೇ ಉಳಿದಿದ್ದರೆ, ಇಂದು ರಾತ್ರಿ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಿ. ಎಲ್ಲರಿಗೂ ಶುಭವಾಗಲಿ.