ಅಜ್ಜಿಯ ಉಪ್ಪಿನ ಡಬ್ಬಿ

ಧಾರವಾಡದ ಮಾಳಮಡ್ಡಿಯ ಒಂದು ಮನೆ. ಅಂದು ಸಂಕಷ್ಟಿ. ಸಾಬೂದಾಣಿ ಖಿಚಡಿಗೆಂದು ಅಜ್ಜಿ ಬೇರೆ ಡಬ್ಬಿಯಿಂದ ನಸುಗೆಂಪು ಹರಳೊಂದನ್ನು ತೆಗೆದು ಕುಟ್ಟುತ್ತಿದ್ದರು. ಏಳನೆಯ ಇಯತ್ತೆಯ ಮೊಮ್ಮಗಳಿಗೆ ಸಂಶಯ ಬಂತು.

‘ಅಜ್ಜಿ, ಉಪ್ಪು ಸಮುದ್ರದಾಗ ಆಗತದ. ಇದ್ಯಾಕ ಕಲ್ಲಿನಂಗ ಅದ?’

‘ಇದು ಸಮುದ್ರದ್ದಲ್ಲವಾ, ಗುಡ್ಡದ್ದು. ಸೈಂಧವ ಲವಣ.’

ಅಜ್ಜಿಯ ಮಾತು ಅರ್ಧ ನಿಜ. ಸೈಂಧವ ಎಂದರೆ ಸಿಂಧೂ ಸೀಮೆಯದು. ಪಾಕಿಸ್ತಾನದ ಪಂಜಾಬಿನ ಖೇವ್ಡಾ ಗಣಿ ಅದರ ಹೆಸರಾಂತ ತವರು. ಆದರೆ ಆ ಗುಡ್ಡವಿರುವಲ್ಲಿ 50 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರವಿತ್ತು. ನೀರು ಆವಿಯಾಗಿ ಉಪ್ಪು ಪದರುಪದರಾಗಿ ಉಳಿಯಿತು. ಗೋಕರ್ಣದ ಬಳಿ ಸಾಣಿಕಟ್ಟಾದ ಗದ್ದೆಗಳಲ್ಲಿ ಬಿಸಿಲು ಮಾಡುವ ಕೆಲಸವೂ ಅದೇ. ನಸುಗೆಂಪು ಬಣ್ಣ ಬಂದದ್ದು ಕಬ್ಬಿಣದ ಅಂಶದಿಂದ.

ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರನ ಸೈನ್ಯದ ಕುದುರೆಗಳು ಕಲ್ಲು ನೆಕ್ಕಿದ್ದರಿಂದ ಇಲ್ಲಿಯ ಉಪ್ಪು ಪತ್ತೆಯಾಯಿತೆಂದು ಕಥೆ. ಮೊಗಲರ ಕಾಲದಲ್ಲಿ ಇದರ ವ್ಯಾಪಾರ ನಡೆದಿತ್ತು. ಆಗಿನ ಸುರಂಗಗಳು ಇಕ್ಕಟ್ಟು, ಅಪಾಯಕಾರಿ. 1872ರಲ್ಲಿ ವಾರ್ಥ್ ಎಂಬ ಗಣಿ ಎಂಜಿನಿಯರು ನೆಲಮಟ್ಟದಲ್ಲಿಯೇ ಮುಖ್ಯ ಸುರಂಗ ಕೊರೆಯಿಸಿದರು.

ಗಣಿಯ ವಿನ್ಯಾಸದ ಗುಟ್ಟು ಸರಳವಾದದ್ದು: ಅರ್ಧ ತೆಗೆ, ಅರ್ಧ ಬಿಡು. ಉಪ್ಪು ಅಗೆದ ಜಾಗ ಕೋಣೆಯಾಗುತ್ತದೆ. ಪಕ್ಕದಲ್ಲಿ ಅಗೆಯದೆ ಬಿಟ್ಟ ಉಪ್ಪೇ ಕಂಬವಾಗಿ ಮೇಲಿನ ಗುಡ್ಡದ ಭಾರ ಹೊರುತ್ತದೆ. ಒತ್ತಡ ಹೆಚ್ಚಾದಂತೆ ಉಪ್ಪು ಬಹು ನಿಧಾನವಾಗಿ ಹರಿಯುವುದರಿಂದ ಕಂಬಗಳು ದಪ್ಪವಾಗಿರಲೇಬೇಕು. ಆಸೆಗೆ ಬಿದ್ದು ಕಂಬ ಕೊರೆದರೆ ಚಾವಣಿ ತಲೆಯ ಮೇಲೆ! ಹೀಗೆ ಉಳಿದ ಕೋಣೆಗಳು ಅಂತಸ್ತಿನ ಮೇಲೆ ಅಂತಸ್ತಾಗಿವೆ. ಹೊರಗೆ ಬಿಸಿಲಿರಲಿ, ಚಳಿಯಿರಲಿ, ಒಳಗೆ ಸುಮಾರು 18 ಡಿಗ್ರಿ ಉಷ್ಣತೆ. ಉಪ್ಪಿನ ಇಟ್ಟಿಗೆಯ ಪುಟ್ಟ ಮಸೀದಿಯೂ ಅಲ್ಲಿದೆ.

2025ರ ಮೇ ತಿಂಗಳಲ್ಲಿ ಭಾರತವು ಪಾಕಿಸ್ತಾನದ ಸರಕುಗಳ ಆಮದನ್ನು ನಿಷೇಧಿಸಿತು. ಭಾರತದಲ್ಲಿ ಹಿಮಾಚಲದ ಮಂಡಿಯಲ್ಲಿಯೂ ಗುಡ್ಡದ ಉಪ್ಪುಂಟು.

ಇಷ್ಟಾದ ಮೇಲೆ ಮೊಮ್ಮಗಳ ತಾಯಿ ಒಳಗಿನಿಂದಲೇ ಹೇಳಿದರು: ‘ಆರೋಗ್ಯಕ್ಕ ಛಲೋ ಅಂತಾರ. ಇನ್ನ ದಿನಾ ಇದನ್ನ ಹಾಕೋಣು.’

ಹುಡುಗಿ ವಿಜ್ಞಾನದ ಪುಸ್ತಕ ತೆರೆದಳು. ಅಯೊಡೀನ್ ಕಡಿಮೆಯಾದರೆ ಗಳಗಂಡ ಬರುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಬೆರೆಸದ ಹೊರತು ಸೈಂಧವದಲ್ಲಿ ಸಾಕಷ್ಟು ಅಯೊಡೀನ್ ಇರುವುದಿಲ್ಲ. ಹೆಚ್ಚಿನ ಖನಿಜಗಳಿದ್ದರೂ ಚಿಟಿಕೆಯಲ್ಲಿ ಸಿಗುವುದು ಲೆಕ್ಕಕ್ಕಿಲ್ಲ.

ಅಜ್ಜಿ ಡಬ್ಬಿಯ ಮುಚ್ಚಳ ಬಿಗಿದರು. ‘ಉಪವಾಸಕ್ಕ ಇದು ಇರಲಿ. ದಿನದ ಅಡಗಿಗೆ ಆ ಪಾಕೀಟಿನ ಉಪ್ಪೇ ಹಾಕವಾ. ಕೂಸು ಬೆಳೀಬೇಕಲ್ಲ!’